ಕಾಂಕ್ರೀಟ್ ಅಡುಗೆಕಟ್ಟೆ: ಬಣ್ಣ ಆರಿಸುವ ಮೊದಲು ಹುಣಸೆಹುಳಿ ಚೆಲ್ಲಿ ನೋಡಿ

ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದ ಕೂಡಲೇ ಹಳದಿ ಹೋಗಿ ಕೆಂಪೇರುವುದನ್ನು ನಾವೆಲ್ಲ ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇವೆ. ಹೊಸದಾಗಿ ಎರಕ ಹೊಯ್ದ ಕಾಂಕ್ರೀಟಿನ ಮೇಲೆ ಒದ್ದೆ ಅರಿಶಿನ ಬಿದ್ದರೂ ಆಗುವುದು ಇದೇ. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಅದರೊಳಗೆ ಸುಣ್ಣ ಹುಟ್ಟುತ್ತದೆ. ವೀಳ್ಯದೆಲೆಗೆ ಸವರುವ ಸುಣ್ಣವೇ ಅದು, ರಸಾಯನಶಾಸ್ತ್ರದಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದರಿಂದಾಗಿ ಹೊಸ ಕಾಂಕ್ರೀಟಿನ ಪಿಎಚ್ 12-13ರ ಆಸುಪಾಸಿನಲ್ಲಿ ಇರುತ್ತದೆ, ಅಂದರೆ ತೀವ್ರ ಕ್ಷಾರ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಗೃಹಪ್ರವೇಶದ ದಿನ ಒಲೆಗೆ ಅರಿಶಿನ-ಕುಂಕುಮ ಹಚ್ಚಿ ಹಾಲು ಉಕ್ಕಿಸುತ್ತೇವಲ್ಲ, ಸರಿಯಾಗಿ ಸೀಲ್ ಮಾಡದ, ಅಂದರೆ ಕಲೆ ಇಳಿಯದಂತೆ ರಕ್ಷಣೆಯ ಲೇಪ ಹಚ್ಚದ ಕಾಂಕ್ರೀಟ್ ಕಟ್ಟೆಯಾದರೆ ಅದರ ಮೇಲಿನ ಮೊದಲ ಕಲೆ ಆವತ್ತೇ ಬೀಳುತ್ತದೆ.

ಕಾಂಕ್ರೀಟ್ ಕಟ್ಟೆಯ ಸ್ವಭಾವವೆಲ್ಲ ಇಷ್ಟರಲ್ಲೇ ಇದೆ. ಅದು ಸುಣ್ಣದ ವಸ್ತು, ಹಾಗಾಗಿ ಹುಳಿ ಅದನ್ನು ತಿನ್ನುತ್ತದೆ. ಅದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ, ಹಾಗಾಗಿ ಎಣ್ಣೆಯನ್ನೂ ಬಣ್ಣವನ್ನೂ ಕುಡಿಯುತ್ತದೆ. ಇವೆರಡನ್ನು ತಿಳಿದು ಮಾಡಿಸಿದವರ ಮನೆಯಲ್ಲಿ ಅದು ಹಲವು ವರ್ಷ ಚೆಂದವಾಗಿ ಬಾಳುತ್ತದೆ. ಬರೀ ಚಿತ್ರ ನೋಡಿ ಮಾಡಿಸಿದವರು ಆರು ತಿಂಗಳಲ್ಲಿ ಅದರ ಮೇಲೆ ಗ್ರಾನೈಟ್ ಹೊದಿಸುವ ಯೋಚನೆಗೆ ಬರುತ್ತಾರೆ. ಬಣ್ಣ ಯಾವುದು, ಅಂಚು ಹೇಗಿರಬೇಕು ಎಂಬುದನ್ನು ಆಮೇಲೆ ನೋಡೋಣ. ನಿಮ್ಮ ಅಡುಗೆಮನೆಯಲ್ಲಿ ದಿನವೂ ಏನೇನು ಚೆಲ್ಲುತ್ತದೆ ಎಂಬುದು ಮೊದಲ ಪ್ರಶ್ನೆ.

ಹೊಸತೂ ಅಲ್ಲ, ಪರದೇಶಿಯೂ ಅಲ್ಲ

ನಮ್ಮ ಎಷ್ಟೋ ಅಡುಗೆಕಟ್ಟೆಗಳೊಳಗೆ ಕಾಂಕ್ರೀಟ್ ಈಗಾಗಲೇ ಇದೆ. ಕಂಬಿ ಕಟ್ಟಿ ಮೂರು ಇಂಚಿನ ಸ್ಲ್ಯಾಬ್ ಹಾಕಿ, ಅದರ ಮೇಲೆ ಗ್ರಾನೈಟ್ ಕೂರಿಸುವುದು ಮೇಸ್ತ್ರಿಗಳ ಬಹುಕಾಲದ ರೂಢಿ. ಭಾರ ಹೊರುವುದು ಕಾಂಕ್ರೀಟ್, ಮುಖ ತೋರಿಸುವುದು ಕಲ್ಲು. ಕಾಂಕ್ರೀಟ್ ಕೌಂಟರ್‌ಟಾಪ್ ಎಂದರೆ ಆ ಕೆಳಗಿನದ್ದಕ್ಕೇ ಮುಖವಾಗುವ ಅವಕಾಶ ಕೊಡುವುದು.

ಇದನ್ನು ಕರಕುಶಲವಾಗಿ, ಬಣ್ಣ-ಹೊಳಪು ಕೊಟ್ಟು ಮಾಡುವ ಪದ್ಧತಿ 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗಟ್ಟಿಯಾಗಿ ಬೇರುಬಿಟ್ಟಿತು. ಫು-ತುಂಗ್ ಚೆಂಗ್, ಬಡ್ಡಿ ರೋಡ್ಸ್ ಎಂಬ ವಿನ್ಯಾಸಕಾರರ ಹೆಸರು ಅಲ್ಲಿ ಮೊದಲು ಬರುತ್ತದೆ. ಆದರೆ ಬಣ್ಣದ ಸಿಮೆಂಟಿನ ನಯಗಾರಿಕೆ ನಮಗೆ ಅದಕ್ಕೂ ಮೊದಲೇ ಗೊತ್ತಿತ್ತು. ಮೈಸೂರು, ಬೆಂಗಳೂರು, ಮಂಗಳೂರಿನ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ನೆನಪಿಸಿಕೊಳ್ಳಿ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಬೆರೆಸಿ, ಹಸಿ ಇರುವಾಗಲೇ ಕರಣೆಯಿಂದ ಮತ್ತೆ ಮತ್ತೆ ಒತ್ತಿ ತಿಕ್ಕಿ ಕನ್ನಡಿಯಂತೆ ಮಾಡಿದ ಕೆಲಸ ಅದು. ಎಣ್ಣೆ ಹಚ್ಚಿ ಒರೆಸಿದಂತೆಲ್ಲ ಮತ್ತಷ್ಟು ಮಿರುಗುತ್ತಿತ್ತು. ಇಂದು ಕಾಂಕ್ರೀಟ್ ಕಟ್ಟೆಗೆ ಹಾಕುವ ಬಣ್ಣವೂ ಅದೇ ಕುಟುಂಬದ್ದು.

ಹುಳಿ ತಿನ್ನುವ ಕಟ್ಟೆಯೂ ನಮಗೆ ಹೊಸದಲ್ಲ. ಕಡಪಾ ಕಲ್ಲು, ಶಹಾಬಾದ್ ಕಲ್ಲು ಎರಡೂ ಸುಣ್ಣಕಲ್ಲುಗಳೇ. ನಿಂಬೆಹಣ್ಣು ಹಿಂಡಿದ ಕಡೆ ಬಿಳಿಚಿಕೊಂಡ ಕಡಪಾ ಕಟ್ಟೆಯನ್ನು ನೋಡಿಯೇ ಇರುತ್ತೀರಿ. ನಮ್ಮ ಅಜ್ಜಿ ಅಂಥ ಕಲೆ ಕಂಡಾಗಲೆಲ್ಲ ಬಟ್ಟೆಯ ತುದಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕುತ್ತಿದ್ದರು, ಕಲ್ಲು ಮತ್ತೆ ಕಪ್ಪಾಗುತ್ತಿತ್ತು. ಕಾಂಕ್ರೀಟ್ ಕಟ್ಟೆ ಕೇಳುವುದು ಬಹುಮಟ್ಟಿಗೆ ಇದೇ ತರಹದ ಆರೈಕೆಯನ್ನು. ಅಪ್ಪಟ ಗ್ರಾನೈಟ್ ಈ ವಿಷಯದಲ್ಲಿ ಬೇರೆ ಜಾತಿ. ಅದು ಸಿಲಿಕಾ ತುಂಬಿದ ಕಲ್ಲಾದ್ದರಿಂದ ಅಡುಗೆಮನೆಯ ಹುಳಿಗೆ ಜಗ್ಗುವುದಿಲ್ಲ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಕಲ್ಲು ಸಿಗುವ ನಾಡಿನಲ್ಲಿ ಯಾರಾದರೂ ಕಾಂಕ್ರೀಟ್ ಆರಿಸುತ್ತೇನೆಂದರೆ ಅದಕ್ಕೆ ಗಟ್ಟಿ ಕಾರಣ ಇರಬೇಕು. ಗಟ್ಟಿತನಕ್ಕಾಗಲಿ ಅಗ್ಗಕ್ಕಾಗಲಿ ಅದನ್ನು ಆರಿಸಬೇಡಿ. ಸಾಮಾನು ಅಗ್ಗ, ನಿಜ. ಆದರೆ ಅಚ್ಚು, ಪಾಲಿಶ್, ಸೀಲರ್ ಮತ್ತು ನುರಿತ ಕೈಯ ಕೂಲಿ ಸೇರಿದರೆ ಸಾಧಾರಣ ಗ್ರಾನೈಟಿಗಿಂತ ಖರ್ಚು ಮೇಲೇ ಹೋಗುತ್ತದೆ. ಕಲ್ಲಿನಲ್ಲಿ ಆಗದ ಆಕಾರವನ್ನು ನಿಮ್ಮ ಮನೆಯ ಅಳತೆಗೆ ಮಾಡಿಸಿಕೊಳ್ಳಬಹುದು ಎಂಬುದೇ ಅದನ್ನು ಆರಿಸಲು ಇರುವ ನಿಜವಾದ ಕಾರಣ.

ತಾರಸಿಯ ಕಾಂಕ್ರೀಟ್ ಬೇರೆ, ಕಟ್ಟೆಯ ಕಾಂಕ್ರೀಟ್ ಬೇರೆ

ಸಿಮೆಂಟ್, ಮರಳು, ಜಲ್ಲಿ, ನೀರು. ಎರಡಕ್ಕೂ ಇವೇ ನಾಲ್ಕು. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ, ಅದರಲ್ಲೂ ನೀರಿನಲ್ಲಿ.

ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅದು ನೀರಿನೊಂದಿಗೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ಈ ಕೂಡುವಿಕೆಗೆ ಸಿಮೆಂಟಿನ ತೂಕದ ಶೇ 40ರ ಸುಮಾರಿನಷ್ಟು ನೀರು ಸಾಕು, ಅಂದರೆ 50 ಕೆಜಿ ಚೀಲಕ್ಕೆ 20 ಲೀಟರ್. ಕಲಸಿದ್ದು ಸುಲಭವಾಗಿ ಹರಿಯಲಿ ಎಂದು ಕೆಲಸದ ಜಾಗದಲ್ಲಿ ಮೂವತ್ತು ಲೀಟರ್‌ವರೆಗೂ ಸುರಿಯುವುದುಂಟು. ಆ ಹೆಚ್ಚುವರಿ ಹತ್ತು ಲೀಟರ್‌ಗೆ ಒಳಗೆ ಕೆಲಸವಿಲ್ಲ. ಅದು ನಿಧಾನವಾಗಿ ಆವಿಯಾಗಿ ಹೊರಹೋಗುತ್ತದೆ, ಹೋಗುವಾಗ ತಾನಿದ್ದ ಜಾಗವನ್ನು ರಂಧ್ರವಾಗಿ ಬಿಟ್ಟುಹೋಗುತ್ತದೆ. ತಾರಸಿಯ ಮೇಲೆ ಸಾರು ಚೆಲ್ಲುವುದಿಲ್ಲ, ಕಟ್ಟೆಯ ಮೇಲೆ ದಿನವೂ ಚೆಲ್ಲುತ್ತದೆ. ಸಾರಿನ ಬಣ್ಣ ಇಳಿಯುವುದು ಈ ರಂಧ್ರಗಳಿಗೇ. ನೀರು ಹೆಚ್ಚಾದಷ್ಟೂ ಬಲ ಕಡಿಮೆ, ಕುಗ್ಗುವಿಕೆ ಹೆಚ್ಚು, ಬಿರುಕೂ ಹೆಚ್ಚು. ಅದಕ್ಕೇ ಕಟ್ಟೆಯ ಎರಕಕ್ಕೆ ನೀರನ್ನು ಅಳೆದೇ ಹಾಕಬೇಕು. ಹರಿಯುವ ಗುಣಕ್ಕಾಗಿ ಪ್ಲಾಸ್ಟಿಸೈಜರ್ ಎಂಬ ದ್ರವವನ್ನು ಸ್ವಲ್ಪವೇ ಬೆರೆಸಬೇಕು. ಮಾಡುವವರು ಬಕೆಟ್ಟಿನಿಂದ ಅಂದಾಜಿಗೆ ನೀರು ಸುರಿಯುವವರಾದರೆ, ಅವರು ತಾರಸಿ ಎಷ್ಟೇ ಚೆನ್ನಾಗಿ ಹಾಕಲಿ, ಈ ಕೆಲಸ ಅವರಿಗೆ ಕೊಡಬೇಡಿ.

ಜಲ್ಲಿಯೂ ಸಣ್ಣದಿರಬೇಕು. ಒಂದೂವರೆ ಇಂಚು ದಪ್ಪದ ಹಲಗೆಯಲ್ಲಿ 20 ಎಂಎಂ ಜಲ್ಲಿ ಸರಿಯಾಗಿ ಕೂರುವುದಿಲ್ಲ. 6ರಿಂದ 10 ಎಂಎಂ ಸಾಕು. ಈಗ ನಮ್ಮಲ್ಲಿ ನದಿ ಮರಳಿಗಿಂತ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳಿನ ಬಳಕೆಯೇ ಹೆಚ್ಚು. ಅದು ನಡೆಯುತ್ತದೆ, ಆದರೆ ಕಲ್ಲುಪುಡಿಯ ದೂಳು ಜಾಸ್ತಿ ಇದ್ದರೆ ನೀರು ಜಾಸ್ತಿ ಬೇಡುತ್ತದೆ. ತೊಳೆದದ್ದನ್ನೇ ಕೇಳಿ ತರಿಸಿ.

ಇನ್ನು ಬಲದ ಮಾತು. ಕಾಂಕ್ರೀಟ್ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ಅದರ ಹತ್ತನೇ ಒಂದರಷ್ಟು ಮಾತ್ರ. ಎರಡು ಗೋಡೆಗಳ ನಡುವೆ ಕೂತ ಕಟ್ಟೆಯ ಮಧ್ಯಕ್ಕೆ ಭಾರ ಬಿದ್ದರೆ ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ತಳ ಎಳೆದುಕೊಳ್ಳುತ್ತದೆ. ಆದ್ದರಿಂದ ಕಂಬಿ ಜಾಲರಿ ತಳದ ಹತ್ತಿರ ಇರಬೇಕು. ಕಟ್ಟೆ ಹೊರಕ್ಕೆ ಚಾಚಿಕೊಂಡಿದ್ದು, ಅಲ್ಲಿ ಸ್ಟೂಲ್ ಹಾಕಿ ತಿಂಡಿ ತಿನ್ನುವ ಜಾಗ ಮಾಡಿದರೆ ಲೆಕ್ಕ ತಲೆಕೆಳಗು. ಅಲ್ಲಿ ಎಳೆತ ಇರುವುದು ಮೇಲ್ಭಾಗದಲ್ಲಿ. ಒಂದು ಅಡಿಗಿಂತ ಹೆಚ್ಚು ಚಾಚಿದ್ದರೆ ಕೆಳಗೆ ಬ್ರಾಕೆಟ್ ಕೊಡಿಸಿಬಿಡಿ.

ಎಲ್ಲಿ ಎರಕ ಹೊಯ್ಯುವುದು?

ಕಟ್ಟೆ ಇರುವ ಜಾಗದಲ್ಲೇ ಸೆಂಟ್ರಿಂಗ್ ಕಟ್ಟಿ ಹೊಯ್ಯುವುದು ಒಂದು ದಾರಿ. ಇಲ್ಲಿ ಜೋಡಣೆಯ ಗೆರೆ ಬರುವುದಿಲ್ಲ, ಗೋಡೆ ಸೊಟ್ಟಗಿದ್ದರೂ ಕಟ್ಟೆ ಅದಕ್ಕೆ ಹೊಂದಿಕೊಳ್ಳುತ್ತದೆ. ಆದರೆ ನೀವು ನೋಡುವ ಮೇಲ್ಮೈಯನ್ನು ಮೇಸ್ತ್ರಿ ಕೈಯಿಂದಲೇ ನಯಗೊಳಿಸಬೇಕು. ರೆಡ್ ಆಕ್ಸೈಡ್ ನೆಲ ಮಾಡಿ ಪಳಗಿದ ಕೈ ಸಿಕ್ಕರೆ ಅದೃಷ್ಟ. ಆಮೇಲೆ ಪಾಲಿಶ್ ಹಿಡಿಯುವುದಾದರೆ ಅಡುಗೆಮನೆ ತುಂಬ ಕೆಸರು ನೀರು ಹರಿಯುತ್ತದೆ. ಹೊಸ ಮನೆಯಾದರೆ ಸರಿ, ವಾಸವಿರುವ ಮನೆಯಲ್ಲಿ ಬಹಳ ಕಷ್ಟ.

ಇನ್ನೊಂದು, ಕಾರ್ಖಾನೆಯಲ್ಲೋ ಶೆಡ್ಡಿನಲ್ಲೋ ಅಚ್ಚಿನಲ್ಲಿ ಹೊಯ್ದು ತಂದು ಕೂರಿಸುವುದು. ಇದನ್ನು ಮಗುಚಿ ಹೊಯ್ಯುತ್ತಾರೆ. ಅಚ್ಚಿನ ತಳ ನಿಮ್ಮ ಕಟ್ಟೆಯ ಮೇಲ್ಮೈಯಾಗುತ್ತದೆ. ನಯವಾದ ಲ್ಯಾಮಿನೇಟ್ ಹಲಗೆಯ ಮೇಲೆ ಹೊಯ್ದರೆ ಮೇಲ್ಮೈಯೂ ಅಷ್ಟೇ ನಯ. ಅಚ್ಚಿನ ಮೂಲೆಯಲ್ಲಿ ಉಳಿದ ಒಂದು ಕೂದಲು, ಒಂದು ಗೀರು ಕೂಡ ಕಟ್ಟೆಯಲ್ಲಿ ಅಚ್ಚಾಗುತ್ತದೆ. ಗಾಳಿಗುಳ್ಳೆ ಹೋಗಲಾಡಿಸಲು ಅಚ್ಚನ್ನು ನಡುಗಿಸಬೇಕು. ಸಿಂಕ್ ಬರುವ ಜಾಗಕ್ಕೆ ಟೇಪ್ ಸುತ್ತಿದ ಥರ್ಮಕೋಲ್ ತುಂಡು ಇಟ್ಟರೆ ಅಲ್ಲಿ ರಂಧ್ರ ತಾನಾಗಿ ಉಳಿಯುತ್ತದೆ.

ಈ ದಾರಿಯ ಸಮಸ್ಯೆ ತೂಕ. ಕಾಂಕ್ರೀಟ್ ಒಂದು ಘನ ಮೀಟರಿಗೆ 2,400 ಕೆಜಿ ತೂಗುತ್ತದೆ. ಹತ್ತು ಅಡಿ ಉದ್ದ, ಎರಡು ಅಡಿ ಅಗಲ, 40 ಎಂಎಂ ದಪ್ಪದ ಹಲಗೆ ಎಂದರೆ 180 ಕೆಜಿ ಹತ್ತಿರ. ಅದೇ ಅಳತೆಯ 20 ಎಂಎಂ ಗ್ರಾನೈಟ್ 100 ಕೆಜಿ. ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಹತ್ತು ಅಡಿಯ ಹಲಗೆ ಹಿಡಿಸುವುದಿಲ್ಲ. ಮೆಟ್ಟಿಲ ತಿರುವಿನಲ್ಲಿ ನಾಲ್ಕು ಜನ ಹಿಡಿದು ಹೊರಬೇಕು, ಅದೂ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ. ಮಲಗಿಸಿ ಎತ್ತಿದರೆ ಸಿಂಕ್ ರಂಧ್ರದ ಹಿಂದೆ ಮುಂದೆ ಉಳಿದ ಎರಡು-ಮೂರು ಇಂಚಿನ ಪಟ್ಟಿಯಲ್ಲಿ ಮುರಿದೇ ಬಿಡುತ್ತದೆ.

ಈ ಭಾರಕ್ಕೆ ಉತ್ತರವಾಗಿ ಬಂದದ್ದು ಗಾಜಿನ ನಾರಿನ ಕಾಂಕ್ರೀಟ್, ಜಿಎಫ್‌ಆರ್‌ಸಿ ಎನ್ನುತ್ತಾರೆ. ಜಲ್ಲಿ ಇಲ್ಲ, ಕಂಬಿ ಇಲ್ಲ. ಸಿಮೆಂಟ್, ಸಣ್ಣ ಮರಳು, ಅಕ್ರಿಲಿಕ್ ಪಾಲಿಮರ್, ಜೊತೆಗೆ ಕತ್ತರಿಸಿದ ಗಾಜಿನ ನಾರು. 20 ಎಂಎಂ ದಪ್ಪಕ್ಕೇ ಗಟ್ಟಿ ನಿಲ್ಲುತ್ತದೆ, ಮೇಲೆ ಹೇಳಿದ ಅಳತೆಗೆ 80 ಕೆಜಿ ಆಸುಪಾಸು. ಅಂಚನ್ನು ಮಾತ್ರ ಕೆಳಕ್ಕೆ ಮಡಚಿ ಹೊಯ್ದು ಎರಡು ಇಂಚು ದಪ್ಪ ಇರುವಂತೆ ಕಾಣಿಸಬಹುದು. ಇಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ನಾರು ಕ್ಷಾರ ತಾಳುವ ಬಗೆಯದೇ? ಸಾಮಾನ್ಯ ಗಾಜಿನ ನಾರನ್ನು ಸಿಮೆಂಟಿನ ಕ್ಷಾರ ವರ್ಷಗಳಲ್ಲಿ ತಿಂದುಹಾಕುತ್ತದೆ. ಜಿರ್ಕೋನಿಯಾ ಸೇರಿಸಿ ತಯಾರಿಸಿದ, ಎಆರ್ ಗ್ಲಾಸ್ ಎಂದು ಕರೆಯುವ ನಾರೇ ಬೇಕು. ಮೇಲಿನ ಮಹಡಿಯ ಮನೆಗಳಿಗೆ ನಾನಾದರೆ ಇದನ್ನೇ ಆರಿಸುತ್ತೇನೆ.

ಇರುವ ಕಟ್ಟೆಯ ಮೇಲೆಯೇ ಎರಡು-ಮೂರು ಎಂಎಂ ತೆಳುವಾಗಿ ಬಳಿಯುವ ಮೈಕ್ರೋಸಿಮೆಂಟ್ ಕೂಡ ಸಿಗುತ್ತದೆ. ಒಡೆಯುವ ಗೋಜಿಲ್ಲ, ಭಾರವಿಲ್ಲ. ಆದರೆ ಕೆಳಗಿನ ಗ್ರಾನೈಟಿನ ಜೋಡಣೆ ಅಲುಗಿದರೆ ಮೇಲೆ ಅದೇ ಗೆರೆಯಲ್ಲಿ ಬಿರುಕು ಮೂಡುತ್ತದೆ.

ಬಿರುಕು

ಬಿರುಕು ಬರುವುದಿಲ್ಲ ಎಂದು ಬರೆದುಕೊಡುವವರನ್ನು ನಂಬಬೇಡಿ. ಕಾಂಕ್ರೀಟ್ ಒಣಗುತ್ತ ಕುಗ್ಗುತ್ತದೆ. ಮೂರು ಮೀಟರ್ ಉದ್ದದ ಹಲಗೆ ಒಂದರಿಂದ ಎರಡು ಮಿಲಿಮೀಟರ್ ಕಡಿಮೆಯಾಗಬಹುದು. ಎರಡೂ ತುದಿಯನ್ನು ಗೋಡೆಗೆ ಬಿಗಿದಿದ್ದರೆ ಆ ಕುಗ್ಗುವಿಕೆ ಎಲ್ಲಿ ಬಲ ಕಡಿಮೆಯೋ ಅಲ್ಲಿ ಬಾಯಿಬಿಡುತ್ತದೆ. ಸಿಂಕಿನ ಮೂಲೆ, ಹಾಬ್ (ಕಟ್ಟೆಯಲ್ಲಿ ಹುದುಗಿಸುವ ಒಲೆ) ಕೂರಿಸುವ ಚೌಕದ ಮೂಲೆ, ಎಲ್ ಆಕಾರದ ಒಳಮೂಲೆ, ಈ ಮೂರೇ ಅದರ ಮಾಮೂಲಿ ಜಾಗಗಳು. ಚೂಪು ಮೂಲೆಯಲ್ಲಿ ಎಳೆತವೆಲ್ಲ ಒಂದೇ ಬಿಂದುವಿಗೆ ಬಂದು ನಿಲ್ಲುವುದರಿಂದ ಹೀಗಾಗುತ್ತದೆ. ಮೂಲೆಯನ್ನು ಗುಂಡಗೆ ಮಾಡಿ, ಅಲ್ಲಿ ಓರೆಯಾಗಿ ಒಂದು ತುಂಡು ಕಂಬಿ ಇಟ್ಟರೆ ಅಪಾಯ ಬಹಳ ತಗ್ಗುತ್ತದೆ. ಎಲ್ ಆಕಾರದ ಕಟ್ಟೆಯನ್ನು ಒಂದೇ ತುಂಡಾಗಿ ಹೊಯ್ಯುವ ಹಟ ಬೇಡ. ಒಳಮೂಲೆಯಲ್ಲೇ ಜೋಡಣೆ ಬರುವಂತೆ ಎರಡು ತುಂಡು ಮಾಡಿಸಿ, ನಡುವೆ ಅದೇ ಬಣ್ಣದ ಸಿಲಿಕೋನ್ ತುಂಬಿಸಿ. ಬಿರುಕು ತಾನೇ ಎಲ್ಲೋ ಜಾಗ ಹುಡುಕುವ ಬದಲು ನಾವೇ ಅದಕ್ಕೊಂದು ನೇರ ಗೆರೆ ಕೊಟ್ಟಂತೆ.

ಕೂದಲೆಳೆಯಂಥ ಬಿರುಕು ಬಂದರೆ ಗಾಬರಿ ಬೇಡ, ಕಟ್ಟೆ ಬೀಳುವುದಿಲ್ಲ. ಉಗುರು ಸಿಕ್ಕಿಕೊಳ್ಳುವಷ್ಟು ಅಗಲವಾದರೆ, ಅಥವಾ ಎರಡು ಬದಿ ಮೇಲೆ ಕೆಳಗಾದರೆ ಕೆಳಗಿನ ಆಧಾರ ಕುಸಿದಿದೆ ಎಂದರ್ಥ. ಮೊದಲು ಅದನ್ನು ಸರಿಮಾಡಿಸಬೇಕು.

ಬಿರುಕಿನ ಬಹುಪಾಲು ಮೊದಲ ವಾರದಲ್ಲೇ ತೀರ್ಮಾನವಾಗುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಹೊಯ್ದು ಫ್ಯಾನ್ ಹಾಕಿ ಬಿಟ್ಟರೆ ಮೇಲ್ಮೈ ಸಂಜೆಯೊಳಗೆ ಒಣಗಿ ಸೀಳುತ್ತದೆ. ಕನಿಷ್ಠ ಏಳು ದಿನ ತೇವ ಆರದಂತೆ ಕಾಯಬೇಕು. ತಾರಸಿಗೆ ಒದ್ದೆ ಗೋಣಿಚೀಲ ಹೊದಿಸುವುದುಂಟು. ಕಟ್ಟೆಯ ಹೊರಮುಖಕ್ಕೆ ಅದು ಬೇಡ, ನೂಲಿನ ಗುರುತು ಬಿಡುತ್ತದೆ. ಪ್ಲಾಸ್ಟಿಕ್ ಹಾಳೆಯನ್ನೂ ಸುಕ್ಕುಸುಕ್ಕಾಗಿ ಹೊದಿಸಿದರೆ ತಾಗಿದ ಕಡೆ ಗಾಢ, ತಾಗದ ಕಡೆ ತಿಳಿ ಬಣ್ಣ ಬಂದು ಮಚ್ಚೆ ಮಚ್ಚೆಯಾಗುತ್ತದೆ. ಮಗುಚಿ ಹೊಯ್ದಿದ್ದರೆ ಈ ತಲೆನೋವಿಲ್ಲ, ಮುಖ ಅಚ್ಚಿನೊಳಗೆ ಭದ್ರವಾಗಿರುತ್ತದೆ.

ನಿಮ್ಮ ಇಷ್ಟಕ್ಕೆ ತಕ್ಕಂತೆ

ಮೊದಲು ಎತ್ತರ. ಬಣ್ಣಕ್ಕಿಂತ ಇದು ಮುಖ್ಯ, ಆದರೆ ಯಾರೂ ಕೇಳುವುದಿಲ್ಲ. ದಿನವೂ ಅಡುಗೆ ಮಾಡುವವರು ನೆಟ್ಟಗೆ ನಿಂತು ಮೊಣಕೈ ಮಡಚಲಿ. ಮೊಣಕೈಯಿಂದ ನಾಲ್ಕರಿಂದ ಆರು ಇಂಚು ಕೆಳಗೆ ಕಟ್ಟೆ ಬಂದರೆ ಬೆನ್ನಿಗೆ ಹಿತ. ಐದು ಅಡಿ ಎತ್ತರದವರಿಗೆ ಅದು 32-34 ಇಂಚಿಗೆ ಬರುತ್ತದೆ. ನಾವು ಕಟ್ಟೆಯ ಮೇಲೆ ಗ್ಯಾಸ್ ಒಲೆ ಇಟ್ಟು, ಅದರ ಮೇಲೆ ಕುಕ್ಕರ್ ಇಡುತ್ತೇವೆ. ಹೀಗಾಗಿ ಒಲೆಯ ಜಾಗವನ್ನು ನಾಲ್ಕು ಇಂಚು ತಗ್ಗಿಸಿದರೆ ಅನ್ನದ ಪಾತ್ರೆಯೊಳಗೆ ಇಣುಕಲು ಕಾಲ್ಬೆರಳ ಮೇಲೆ ನಿಲ್ಲಬೇಕಾಗಿಲ್ಲ. ಎರಕದಲ್ಲಿ ಇಂಥ ತಗ್ಗನ್ನು ಮೇಲಿಂದ ಕೆಳಕ್ಕೆ ಒಂದೇ ಮೈಯಾಗಿ ಇಳಿಸಬಹುದು.

ಸಿಂಕಿನ ಪಕ್ಕ ಪಾತ್ರೆ ಬೋರಲು ಹಾಕುವ ಜಾಗಕ್ಕೆ ಇಳಿಜಾರಿನ ಗೀರುಗಳು, ಹಿಂಬದಿಯಲ್ಲಿ ಗೋಡೆಗೆ ನೀರು ಹೋಗದಂತೆ ನಾಲ್ಕು ಇಂಚಿನ ಏರು, ಮುಂಭಾಗದ ಅಂಚಿನಡಿ ನೀರು ಒಳಕ್ಕೆ ಹರಿದು ಕಪಾಟಿನ ಪ್ಲೈವುಡ್ ಕೆಡಿಸದಂತೆ ಒಂದು ಸಣ್ಣ ಕಾಲುವೆ. ಇವೆಲ್ಲ ಅಚ್ಚಿನಲ್ಲೇ ಬರಬೇಕು, ಆಮೇಲೆ ಕೆತ್ತಿಸಲು ಹೋದರೆ ಅಂದವಾಗುವುದಿಲ್ಲ. ನಲ್ಲಿಯ ರಂಧ್ರ, ಹಾಬಿನ ಅಳತೆ ಎಲ್ಲ ಮೊದಲೇ ಕೈಯಲ್ಲಿರಬೇಕು. ಸಿಂಕ್, ಹಾಬ್, ನಲ್ಲಿ ಮನೆಗೆ ಬರುವ ಮೊದಲು ಅಚ್ಚು ಕಟ್ಟಲು ಬಿಡಬೇಡಿ. ಕ್ಯಾಟಲಾಗಿನ ಅಳತೆ ನಂಬಿ ಹೊಯ್ಸಿ, ಸಿಂಕ್ ಅರ್ಧ ಇಂಚು ಕೂರದೆ ಕಟರ್ ಹಿಡಿಸಬೇಕಾದ ಸಂಕಟ ಯಾರಿಗೂ ಬೇಡ.

ಅಂಚು ಗ್ರಾನೈಟಿಗೆ ಮಾಡಿಸುವ ಅರ್ಧ ಮೋಲ್ಡಿಂಗ್, ಪೂರ್ತಿ ಮೋಲ್ಡಿಂಗ್ ತರಹ ಅರ್ಧವೋ ಪೂರ್ತಿಯೋ ದುಂಡಗೆ ಇರಬಹುದು. ಕತ್ತಿಯಂಥ ಚೂಪು ಅಂಚು ಮಾತ್ರ ಬೇಡ. ಕುಕ್ಕರಿನ ತಳ ಒಮ್ಮೆ ತಾಗಿದರೆ ಚಕ್ಕೆ ಏಳುತ್ತದೆ.

ಬಣ್ಣಕ್ಕೆ ಬರೋಣ. ಕಬ್ಬಿಣದ ಆಕ್ಸೈಡಿನ ಕೆಂಪು, ಹಳದಿ, ಕಪ್ಪು, ಇವು ಮೂರೂ ಬಿಸಿಲಿಗೂ ಕ್ಷಾರಕ್ಕೂ ಮಾಸುವುದಿಲ್ಲ. ಇವುಗಳನ್ನು ಬೆರೆಸಿ ಕಂದು, ಇಟ್ಟಿಗೆ, ಮಣ್ಣಿನ ಎಲ್ಲ ಛಾಯೆಗಳನ್ನೂ ಪಡೆಯಬಹುದು. ಕ್ರೋಮಿಯಂ ಆಕ್ಸೈಡಿನ ಹಸಿರೂ ಬಾಳಿಕೆಯದ್ದೇ. ಬಣ್ಣದ ಪುಡಿ ಸಿಮೆಂಟಿನ ತೂಕದ ಶೇ 5-6 ದಾಟಿದ ಮೇಲೆ ಎಷ್ಟು ಸುರಿದರೂ ರಂಗು ಅಷ್ಟಾಗಿ ಏರುವುದಿಲ್ಲ. ಶೇ 10 ದಾಟಿದರೆ ಬಲಕ್ಕೇ ಕುತ್ತು. ತಿಳಿ ಬಣ್ಣ ಬೇಕೆಂದರೆ ಬಿಳಿ ಸಿಮೆಂಟ್ ಬೇಕು. ಬೂದು ಸಿಮೆಂಟಿಗೆ ಎಷ್ಟೇ ಹಳದಿ ಹಾಕಿದರೂ ಅದು ಮಬ್ಬು ಹಳದಿಯೇ. ಪುಡಿಯನ್ನು ಗ್ರಾಂ ಲೆಕ್ಕದಲ್ಲಿ ತೂಗಬೇಕು, ಎಲ್ಲ ತುಂಡಿಗೂ ಒಂದೇ ಸಲ ತಂದ ಸಿಮೆಂಟ್, ಒಂದೇ ಅಳತೆಯ ನೀರು ಇರಬೇಕು. ನೀರು ಹೆಚ್ಚಾದ ತುಂಡು ತಿಳಿಯಾಗಿ ಕಾಣುತ್ತದೆ, ಪಕ್ಕಪಕ್ಕ ಕೂರಿಸಿದಾಗ ಅದು ಎದ್ದು ತೋರುತ್ತದೆ.

ನನಗೆ ಬಹಳ ಇಷ್ಟವಾದದ್ದು ಕಲ್ಲಿನ ಚೂರು ಕಾಣುವಂತೆ ಮೇಲ್ಮೈಯನ್ನು ಉಜ್ಜುವ ಬಗೆ, ಹಳೆಯ ಮೊಸಾಯಿಕ್ ನೆಲದ ಹಾಗೆ. ವಜ್ರದ ಪುಡಿ ಕೂರಿಸಿದ ಪ್ಯಾಡುಗಳಿಂದ 50ನೇ ನಂಬರಿನಿಂದ ಶುರುಮಾಡಿ 100, 200, 400 ಎಂದು ಏರುತ್ತ ಹೋಗುತ್ತಾರೆ. 400ಕ್ಕೆ ನಿಂತರೆ ಮಂದ ನಯ, 1,500 ದಾಟಿದರೆ ಹೊಳಪು. ಕೆಂಪು ಗ್ರಾನೈಟಿನ ಚೂರು, ಕರಿಕಲ್ಲಿನ ಚೂರು ಹಾಕಿಸಿದರೆ ಆ ಚೂರುಗಳ ಮೇಲೆ ಹುಳಿ ಏನೂ ಮಾಡದು. ಅಮೃತಶಿಲೆಯ ಚೂರು ನೋಡಲು ಚೆಂದ, ಆದರೆ ಅದೂ ಸುಣ್ಣದ್ದೇ. ಬಣ್ಣದ ಗಾಜಿನ ಚೂರು ಕೇಳುವವರೂ ಇದ್ದಾರೆ. ಗಾಜಿಗೂ ಸಿಮೆಂಟಿನ ಕ್ಷಾರಕ್ಕೂ ಕಾಲಾಂತರದಲ್ಲಿ ಆಗುವ ಪ್ರತಿಕ್ರಿಯೆ ಉಬ್ಬಿ ಕಟ್ಟೆಯನ್ನೇ ಒಡೆಯಬಲ್ಲದು. ಹಾರುಬೂದಿ ಸೇರಿದ ಪಿಪಿಸಿ ಸಿಮೆಂಟ್ ಈ ಅಪಾಯವನ್ನು ತಗ್ಗಿಸುತ್ತದೆ. ಪಾಲಿಶ್ ಯಾವಾಗಲೂ ನೀರು ಹಾಯಿಸುತ್ತಲೇ ಆಗಬೇಕು. ಒಣ ಉಜ್ಜುವಿಕೆಯ ಸಿಲಿಕಾ ದೂಳು ಕೆಲಸಗಾರರ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ. ನಮ್ಮ ಮನೆಯ ಅಂದಕ್ಕೆ ಇನ್ನೊಬ್ಬರ ಉಸಿರು ತೆರಬೇಕಾಗಿಲ್ಲ. ಮಾಸ್ಕ್ ಇದೆಯೇ, ನೀರು ಹಾಯುತ್ತಿದೆಯೇ ಎಂದು ಮಾಡಿಸುವವರೇ ನಿಂತು ನೋಡಬೇಕು.

ಸೀಲರ್: ದಿನನಿತ್ಯದ ಬದುಕು ನಿಂತಿರುವುದು ಇದರ ಮೇಲೆ

ಸೀಲರ್‌ಗಳನ್ನು ಅಂಗಡಿಯಲ್ಲಿ ಹತ್ತಾರು ಹೆಸರಿನಲ್ಲಿ ಮಾರುತ್ತಾರೆ. ಒಳಗೆ ನೋಡಿದರೆ ಇರುವುದು ಎರಡೇ ಬಗೆ, ಮೈಯೊಳಗೆ ಇಳಿಯುವುದು ಮತ್ತು ಮೈಮೇಲೆ ಪೊರೆಯಾಗುವುದು.

ಒಳಗೆ ಇಳಿಯುವ ಸಿಲೇನ್, ಸಿಲೋಕ್ಸೇನ್ ಸೀಲರ್‌ಗಳು ರಂಧ್ರಗಳ ಗೋಡೆಗೆ ನೀರೊಲ್ಲದ ಗುಣ ಕೊಡುತ್ತವೆ. ಕೆಸುವಿನೆಲೆಯ ಮೇಲೆ ನಿಂತಂತೆ ನೀರು ಹನಿಯಾಗಿ ನಿಲ್ಲುತ್ತದೆ. ಕಾಂಕ್ರೀಟಿನ ಸಹಜ ರೂಪ ಹಾಗೇ ಉಳಿಯುತ್ತದೆ, ಗೀರು ಬೀಳುವ ಪೊರೆ ಇಲ್ಲ, ಬಿಸಿಗೂ ಹೆದರಬೇಕಿಲ್ಲ. ಆದರೆ ಹುಳಿಯಿಂದ ರಕ್ಷಣೆ ಇಲ್ಲ. ಮೇಲ್ಮೈಯ ಸುಣ್ಣ ಬಯಲಿಗೇ ಇರುವುದರಿಂದ ನಿಂಬೆರಸ ಐದು-ಹತ್ತು ನಿಮಿಷ ನಿಂತರೆ ಹೊಳಪು ಹೋಗಿ ಒರಟಾದ ಬಿಳಿಚು ಗುರುತು ಉಳಿಯುತ್ತದೆ. ಎಷ್ಟೋ ಜನ ಇದನ್ನು ಕಲೆ ಎಂದುಕೊಂಡು ಉಜ್ಜುತ್ತಾರೆ. ಕಲೆ ಎಂದರೆ ಹೊರಗಿನದು ಒಳಗೆ ಸೇರಿದ್ದು, ಇದು ಕಟ್ಟೆಯದೇ ಒಂದು ಪದರ ಕರಗಿ ಹೋದದ್ದು. ಉಜ್ಜಿದರೆ ಹೋಗದು, ಮತ್ತೆ ಪಾಲಿಶ್ ಹಿಡಿಯಬೇಕು.

ಪೊರೆಯಾಗುವ ಸೀಲರ್‌ಗಳಲ್ಲಿ ಅಕ್ರಿಲಿಕ್ ಅಗ್ಗ, ಹಚ್ಚಲು ಸುಲಭ. ಬಿಸಿ ಪಾತ್ರೆ ಇಟ್ಟರೆ ಮೆತ್ತಗಾಗುತ್ತದೆ, ಬೇಗ ಗೀರಾಗುತ್ತದೆ. ಅಡುಗೆಮನೆಗೆ ಅದು ಬೇಡ. ಎಪಾಕ್ಸಿ ದಪ್ಪ ಗಾಜಿನ ಹಾಗೆ ಕೂರುತ್ತದೆ, ಹುಳಿ-ಎಣ್ಣೆ ಎರಡನ್ನೂ ತಡೆಯುತ್ತದೆ, ಆದರೆ ಕಿಟಕಿಯ ಬಿಸಿಲು ಬೀಳುವ ಕಡೆ ಹಳದಿಯಾಗುತ್ತದೆ ಮತ್ತು ಬಿಸಿಯ ವಿಷಯದಲ್ಲಿ ಸೂಕ್ಷ್ಮ. ಎರಡು ಭಾಗ ಬೆರೆಸಿ ಹಚ್ಚುವ ಪಾಲಿಯುರೆಥೇನ್ ಹುಳಿ, ಎಣ್ಣೆ, ಅರಿಶಿನ ಮೂರನ್ನೂ ಚೆನ್ನಾಗಿ ತಡೆಯುತ್ತದೆ, ಬಿಸಿಲಿಗೆ ಹಳದಿಯಾಗದ ಬಗೆಯೂ ಸಿಗುತ್ತದೆ. ನಮ್ಮ ಅಡುಗೆಗೆ ನನ್ನ ಒಲವು ಇದರ ಕಡೆಗೆ. ಇದರ ದೌರ್ಬಲ್ಯ ಚಾಕು ಮತ್ತು ಕಾದ ತಳ. ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರ ಇಟ್ಟರೆ ಪೊರೆ ಬೆಳ್ಳಗಾಗುತ್ತದೆ ಅಥವಾ ಏಳುತ್ತದೆ, ಮತ್ತು ಒಂದು ಕಡೆ ಎದ್ದ ಪೊರೆಯಡಿ ನೀರು ಹೋಗುತ್ತ ಹೋಗುತ್ತ ಇನ್ನಷ್ಟು ಏಳುತ್ತದೆ. ಸಿಂಬಿ ಇಟ್ಟು ಅದರ ಮೇಲೆ ಪಾತ್ರೆ ಇಡುವ ಹಳೆಯ ಅಭ್ಯಾಸ ಈ ಕಟ್ಟೆಗೆ ಹೇಳಿ ಮಾಡಿಸಿದ್ದು.

ಜೇನುಮೇಣದಂಥ ಮೇಣ ಹಚ್ಚುವುದು ಹಿತವಾದ ಆರೈಕೆ, ಆದರೆ ಬಿಸಿಗೆ ಕರಗುತ್ತದೆ, ಕೆಲವು ತಿಂಗಳಿಗೊಮ್ಮೆ ಮತ್ತೆ ಹಚ್ಚುತ್ತಿರಬೇಕು. ಸೀಲರಿನ ಮೇಲಿನ ಹೊದಿಕೆಯಾಗಿ ಸರಿ, ಅದೊಂದನ್ನೇ ನೆಚ್ಚಿಕೊಳ್ಳಬಾರದು.

ಈಗ ನಿಮ್ಮ ಮನೆಯ ಅಡುಗೆ. ದಿನಕ್ಕೆರಡು ಸಲ ಹುಣಸೆ ಕಿವುಚುವ, ವರ್ಷಕ್ಕೊಮ್ಮೆ ನಿಂಬೆ-ಮಾವಿನ ಉಪ್ಪಿನಕಾಯಿ ಹಾಕುವ ಮನೆಯಾದರೆ ಪೊರೆಯ ಸೀಲರ್ ಇಲ್ಲದೆ ಆಗದು. ಕರಾವಳಿ, ಮಲೆನಾಡಿನ ಪುನರ್ಪುಳಿಯದು ಹುಳಿಯೂ ಹೌದು, ಕಡುಬಣ್ಣವೂ ಹೌದು. ಶೇಂಗಾ ಹಿಂಡಿ, ಗುರೆಳ್ಳು ಪುಡಿ ಕುಟ್ಟುವ, ರೊಟ್ಟಿ ಬಡಿಯುವ ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಎಣ್ಣೆಯೇ ಮುಖ್ಯ ಚಿಂತೆ. ಸೀಲ್ ಇಲ್ಲದ ಕಾಂಕ್ರೀಟ್ ಕುಡಿದ ಎಣ್ಣೆ ಕಡುಗಪ್ಪು ಮಚ್ಚೆಯಾಗಿ ಉಳಿದುಬಿಡುತ್ತದೆ. ಹಬ್ಬದ ಹಿಂದಿನ ದಿನ ತಾಮ್ರ-ಹಿತ್ತಾಳೆ ಪಾತ್ರೆಗಳನ್ನು ಕಟ್ಟೆಯ ಮೇಲೆ ಹರಡಿ ಹುಣಸೆಹಣ್ಣಿನಿಂದ ಉಜ್ಜುವ ಅಭ್ಯಾಸ ಇದ್ದರೆ ಆ ಕೆಲಸವನ್ನು ಸ್ಟೀಲ್ ಸಿಂಕಿನೊಳಗೆ ಸಾಗಿಸಿ.

ಇದಕ್ಕೆಲ್ಲ ಒಂದೇ ಪರೀಕ್ಷೆ ಇದೆ. ಮುಂಗಡ ಕೊಡುವ ಮೊದಲು ನೀವು ಆರಿಸಿದ ಬಣ್ಣ, ಚೂರು, ಸೀಲರ್ ಎಲ್ಲ ಸೇರಿದ ಒಂದಡಿ ಚೌಕದ ಬಿಲ್ಲೆ ಮಾಡಿಸಿಕೊಳ್ಳಿ. ಅದಕ್ಕೆ ದುಡ್ಡು ಕೊಟ್ಟೇ ಮಾಡಿಸಿ. ಮನೆಗೆ ತಂದು ರಾತ್ರಿ ಮಲಗುವಾಗ ಅದರ ಮೇಲೆ ಐದು ಕಡೆ ಇಡಿ: ಹುಣಸೆರಸ, ನಿಂಬೆಹೋಳು, ಒದ್ದೆ ಅರಿಶಿನ, ಎಣ್ಣೆ ಒಗ್ಗರಣೆ, ಫಿಲ್ಟರ್ ಕಾಫಿಯ ಡಿಕಾಕ್ಷನ್. ಬೆಳಿಗ್ಗೆ ಒರೆಸಿ ನೋಡಿ. ಆಮೇಲೆ ಒಂದು ತಿಂಗಳು ಅದನ್ನು ಒಲೆಯ ಪಕ್ಕ ಇಟ್ಟು ದಿನವೂ ಬಳಸಿ. ಬೇಕೆಂದೇ ಒಮ್ಮೆ ಬಿಸಿ ಪಾತ್ರೆ ಇಡಿ, ಚಾಕುವಿನಿಂದ ಒಂದು ಗೀರು ಎಳೆಯಿರಿ. ತಿಂಗಳ ಕೊನೆಗೆ ಆ ಬಿಲ್ಲೆಯ ಮುಖ ನೋಡಿ ನಿಮಗೆ ಬೇಸರವಾದರೆ ಗ್ರಾನೈಟ್ ಹಾಕಿಸಿ, ಅದರಲ್ಲಿ ಸೋಲೇನೂ ಇಲ್ಲ. ಆ ಗುರುತುಗಳ ನಡುವೆಯೂ ಅದು ಚೆಂದ ಕಂಡರೆ ಕಾಂಕ್ರೀಟ್ ನಿಮ್ಮ ಮನೆಗೆ ಒಗ್ಗುತ್ತದೆ. ಬಿಲ್ಲೆ ಮಾಡಿಕೊಡಲು ಒಪ್ಪದವರಿಂದ ಕಟ್ಟೆ ಮಾಡಿಸಬೇಡಿ.

ಬಳಕೆಗೆ ಬಂದ ಮೇಲೆ ಒರೆಸಲು ಮೆತ್ತನೆ ಬಟ್ಟೆ, ಪಾತ್ರೆ ತೊಳೆಯುವ ಸೋಪಿನ ತೆಳು ನೀರು ಸಾಕು. ವಿನೆಗರ್, ಬಾತ್‌ರೂಮ್ ತೊಳೆಯುವ ಆ್ಯಸಿಡ್, ಸ್ಟೀಲ್ ಜುಂಗು ಹತ್ತಿರ ತರಬೇಡಿ. ಆರು ತಿಂಗಳಿಗೊಮ್ಮೆ ಸಿಂಕಿನ ಸುತ್ತ ನಾಲ್ಕು ಹನಿ ನೀರು ಹಾಕಿ ಹತ್ತು ನಿಮಿಷ ಬಿಡಿ. ಒರೆಸಿದಾಗ ಅಡಿಯಲ್ಲಿ ಗಾಢ ಗುರುತು ಕಂಡರೆ ಸೀಲರ್ ಸವೆದಿದೆ, ಮತ್ತೆ ಹಚ್ಚುವ ಕಾಲ ಬಂತು. ಅರಿಶಿನದ ಹಳದಿ ಉಳಿದಿದ್ದರೆ ಅದಕ್ಕೆ ಬಿಸಿಲೇ ಮದ್ದು, ಕರ್ಕ್ಯುಮಿನ್ ಬೆಳಕಿಗೆ ತಾನಾಗಿ ಮಾಸುತ್ತದೆ. ಚಕ್ಕೆ ಎದ್ದರೆ ತುಂಬಲು ಬೇಕಾಗುತ್ತದೆ, ಆದ್ದರಿಂದ ಎರಕದ ದಿನವೇ ಅದೇ ಬಣ್ಣದ ಒಣ ಮಿಶ್ರಣವನ್ನು ಒಂದು ಡಬ್ಬಿಯಲ್ಲಿ ಗಾಳಿಯಾಡದಂತೆ ಕಟ್ಟಿಸಿ ಇಟ್ಟುಕೊಳ್ಳಿ.

ಮುಹೂರ್ತದಿಂದ ಹಿಂದಕ್ಕೆ ಎಣಿಸಿ

ಗೃಹಪ್ರವೇಶದ ದಿನ ಗೊತ್ತಾದ ಕೂಡಲೇ ಕಟ್ಟೆಯ ಕೆಲಸದ ದಿನಗಳನ್ನು ಹಿಂದಕ್ಕೆ ಎಣಿಸಬೇಕು. ಗೋಡೆಯ ಗಾರೆ ಮುಗಿದು, ಕಪಾಟು ಅಥವಾ ಇಟ್ಟಿಗೆಯ ಕಾಲುಗಳು ನಿಂತ ಮೇಲೆಯೇ ಅಳತೆ. ಅಳತೆ, ಅಚ್ಚಿಗೆ ಒಂದು ವಾರ. ಎರಕ ಹೊಯ್ದ ಮೇಲೆ ಏಳು ದಿನ ತೇವದಲ್ಲಿ. ಆಮೇಲೆ ಪಾಲಿಶ್. ಕಾಂಕ್ರೀಟ್ ತನ್ನ ಲೆಕ್ಕದ ಬಲಕ್ಕೆ ಬರುವುದು 28 ದಿನಕ್ಕೆ, ಮೈಯೊಳಗಿನ ತೇವ ಆರದೆ ಪೊರೆಯ ಸೀಲರ್ ಹಚ್ಚಿದರೆ ಅಡಿಯಿಂದ ಗುಳ್ಳೆ ಏಳುತ್ತದೆ. ಕರಾವಳಿಯ ಮಳೆಗಾಲದಲ್ಲಿ ತೇವ ಆರಲು ಇನ್ನೂ ಹೆಚ್ಚು ದಿನ ಬೇಕು. ಸೀಲರ್ ಹಚ್ಚಿದ ಮೇಲೆ ಅದು ಪೂರ್ತಿ ಗಟ್ಟಿಯಾಗಲು ಮತ್ತೊಂದು ವಾರ. ಎಲ್ಲ ಸೇರಿ ಏಳು-ಎಂಟು ವಾರ.

ಅಷ್ಟು ದಿನ ಇಲ್ಲದಿದ್ದರೆ ಕಟ್ಟೆಯನ್ನು ಅವಸರಪಡಿಸಬೇಡಿ. ಗೃಹಪ್ರವೇಶದ ದಿನ ತಾತ್ಕಾಲಿಕವಾಗಿ ಒಂದು ಕಡಪಾ ಹಲಗೆಯ ಮೇಲೆ ಒಲೆ ಇಟ್ಟು ಹಾಲು ಉಕ್ಕಿಸಿ. ಕಟ್ಟೆ ಸಿದ್ಧವಾಗಿದ್ದರೆ ಒಲೆಯಡಿಗೆ ಅಗಲವಾದ ಸ್ಟೀಲ್ ತಟ್ಟೆ ಇಡಿ, ಅರಿಶಿನ-ಕುಂಕುಮವನ್ನು ಒಲೆಗೆ ಹಚ್ಚಿ ಕಟ್ಟೆಗೆ ಹಚ್ಚಬೇಡಿ, ಉಕ್ಕಿದ ಹಾಲು ಕೆಳಗಿಳಿದರೆ ಆರತಿ ಮುಗಿಯುವವರೆಗೆ ಕಾಯದೆ ಒದ್ದೆ ಬಟ್ಟೆಯಿಂದ ಒರೆಸಿಬಿಡಿ.